‘ಎ’ಗೆ ಎಲ್ಲಿ ಜಾಗ, ‘ದ’ಗೆ ಎಲ್ಲಿ

ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಬರುವ ‘ಎ’, ‘ಆ್ಯನ್’, ‘ದ’ ಎಂಬ ಮೂರು ಪುಟ್ಟ ಪದಗಳಿಗೆ ಆರ್ಟಿಕಲ್ ಎಂದು ಹೆಸರು. ಇಂಥ ಪದಗಳು ಕನ್ನಡದಲ್ಲಿಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆ ಅನೇಕರಿಗೆ ಮನೆಮಾತಾಗಿರುವ ತೆಲುಗಿನಲ್ಲೂ ಇಲ್ಲ. ಆದರೆ ಅವು ಮಾಡುವ ಕೆಲಸ ಇಲ್ಲಿಯವರಿಗೆ ಹೊಸದೇನಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ‘ಬಾಗಿಲಲ್ಲಿ ಲಾರಿ ನಿಂತಿದೆ’ ಎಂದರೆ ಯಾವುದೋ ಒಂದು ಲಾರಿ. ‘ಲಾರಿ ಬಾಗಿಲಲ್ಲಿ ನಿಂತಿದೆ’ ಎಂದರೆ ಕೇಳುವವರು ಕಾಯುತ್ತಿದ್ದ ಲಾರಿ. ಕನ್ನಡ ಪದಗಳನ್ನು ಹಿಂದೆಮುಂದೆ ಮಾಡಿ ತೋರಿಸುವ ಈ ವ್ಯತ್ಯಾಸವನ್ನು ಇಂಗ್ಲಿಷ್ ‘ಎ ಲಾರಿ’, ‘ದ ಲಾರಿ’ ಎಂದು ತೋರಿಸುತ್ತದೆ. ‘ಗೂಡು ತಂದ’, ‘ಗೂಡನ್ನು ತಂದ’ ಎಂಬಲ್ಲಿ ವಿಭಕ್ತಿಯೂ ಇದೇ ಕೆಲಸ ಮಾಡುತ್ತದೆ. ಯಾವುದು ಎಂಬುದು ಕೇಳುವವರಿಗೆ ಗೊತ್ತಿದ್ದರೆ ‘ದ’, ಇಲ್ಲದಿದ್ದರೆ ‘ಎ’.

‘ಎ’ ಎಂದರೆ ಒಂದು, ‘ದ’ ಎಂದರೆ ಆ ಎಂದು ಅರ್ಥ ಬರೆಸುವ ಪಾಠ ನಡುದಾರಿಯಲ್ಲಿ ಕೈಬಿಡುತ್ತದೆ. ‘ಅಮ್ಮ ಟೀಚರ್’ ಎನ್ನುವಾಗ ಕನ್ನಡಕ್ಕೆ ‘ಒಬ್ಬ’ ಬೇಡ. ಇಂಗ್ಲಿಷಿಗೆ ‘ಎ ಟೀಚರ್’ ಆಗಲೇಬೇಕು. ಕಸುಬು ಹೇಳುವ ಇಂಥ ವಾಕ್ಯಗಳಲ್ಲೇ ಆರ್ಟಿಕಲ್ ಸುಲಭವಾಗಿ ಬಿಟ್ಟುಹೋಗುವುದು.

‘ಎ’ಯೋ ‘ಆ್ಯನ್’ಓ ಎಂಬುದನ್ನು ನಿರ್ಧರಿಸುವುದು ಉಚ್ಚಾರಣೆ, ಸ್ಪೆಲಿಂಗ್ ಅಲ್ಲ. ಎ, ಇ, ಐ, ಒ, ಯು ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡುವುದು ಮೇಲು. ಯೂನಿವರ್ಸಿಟಿ ‘ಯ’ಕಾರದಿಂದ ಶುರುವಾಗುತ್ತದೆ, ಆದ್ದರಿಂದ ‘ಎ’. ಗಂಟೆ ಎಂಬರ್ಥದ ‘ಅವರ್’, ಶಾಸಕರನ್ನು ಕರೆಯುವ ‘ಎಂಎಲ್ಎ’ ಸ್ವರದಿಂದ ಶುರುವಾಗುತ್ತವೆ, ಆದ್ದರಿಂದ ‘ಆ್ಯನ್’. ‘ಒನ್’ ಒಂದು ಕೈಕೊಡುತ್ತದೆ: ಬರೆಯುವುದು ‘ಒ’ ಆದರೂ ಇಂಗ್ಲಿಷಿನ ನಾಲಿಗೆಯಲ್ಲಿ ಅದು ‘ವನ್’, ಹಾಗಾಗಿ ‘ಎ ಒನ್ ರುಪೀ ಕಾಯಿನ್’. ಇನ್ನೊಂದು ತೊಡಕು ನಮ್ಮದೇ ನಾಲಿಗೆಯದು. ಎಂಟನ್ನು ‘ಯೆಂಟು’, ಎಲೆಯನ್ನು ‘ಯೆಲೆ’ ಎನ್ನುವ ರೂಢಿಯಲ್ಲಿ ಎಗ್ ಕೂಡ ‘ಯೆಗ್’ ಆಗುತ್ತದೆ; ಕಿವಿಯನ್ನು ನಂಬಿದವರು ‘ಎ ಎಗ್’ ಎಂದುಬಿಡುತ್ತಾರೆ.

ಎಣಿಸಲಾಗದ ವಸ್ತುವನ್ನು ಸಾಮಾನ್ಯವಾಗಿ ಹೇಳುವಾಗ ಯಾವ ಆರ್ಟಿಕಲ್ಲೂ ಬೇಡ: ರೇಷ್ಮೆ ದುಬಾರಿ ಎನ್ನಲು ಬರೀ ‘ಸಿಲ್ಕ್’. ಶಿಡ್ಲಘಟ್ಟದಲ್ಲಿ ಬಿಚ್ಚಿದ ಆ ರೇಷ್ಮೆ ಎಂದು ಗುರುತಿಟ್ಟರೆ ‘ದ ಸಿಲ್ಕ್’. ಓದಲು ಹೋಗುವ ಮಗುವಿಗೆ ಬರೀ ‘ಸ್ಕೂಲ್’. ಪೋಷಕರ ಸಭೆಗೆ ಹೋಗುವ ತಂದೆಗೆ ‘ದ ಸ್ಕೂಲ್’.

ಹೆಸರುಗಳದ್ದು ಬೇರೆಯೇ ಲೆಕ್ಕ, ಇಲ್ಲಿ ತರ್ಕಕ್ಕಿಂತ ರೂಢಿ ದೊಡ್ಡದು. ಚಿಕ್ಕಬಳ್ಳಾಪುರ ಎಂಬ ಊರಿಗಾಗಲಿ, ಸ್ಕಂದಗಿರಿ ಎಂಬ ಒಂಟಿ ಬೆಟ್ಟಕ್ಕಾಗಲಿ, ಕಂದವಾರ ಕೆರೆಗಾಗಲಿ ಆರ್ಟಿಕಲ್ ಇಲ್ಲ. ನದಿಗೆ ಉಂಟು: ಗೌರಿಬಿದನೂರಿನ ಉತ್ತರ ಪಿನಾಕಿನಿ ಇಂಗ್ಲಿಷಿನಲ್ಲಿ ‘ದ ಪೆನ್ನಾರ್’. ಬೆಟ್ಟಸಾಲಿಗೂ ಉಂಟು, ‘ದ ವೆಸ್ಟರ್ನ್ ಘಾಟ್ಸ್’ ಎಂಬಂತೆ. ಆದರೆ ನಂದಿಬೆಟ್ಟವನ್ನು ಪ್ರವಾಸಿಗರ ತಾಣವಾಗಿ ಹೆಸರಿಸುವಾಗ ಬಹುವಚನವಿದ್ದರೂ ‘ನಂದಿ ಹಿಲ್ಸ್’ ಎಂದಷ್ಟೇ ಬರೆಯುವುದು ರೂಢಿ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ‘ದ ಯೂನಿವರ್ಸಿಟಿ ಆಫ್ ಮೈಸೂರ್’. ಊರಿನ ಹೆಸರು ಮುಂದೆ ಬಂದರೆ ‘ಬೆಂಗಳೂರ್ ಯೂನಿವರ್ಸಿಟಿ’, ‘ದ’ ಇಲ್ಲ.

ಹೆಸರಿನ ಮುಂದೆ ‘ದ’ ಸೇರಿ ಹೊಸ ಅರ್ಥ ಹುಟ್ಟುವುದೂ ಉಂಟು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಇಂಥದೇ ಗೋಲಿಬಾರ್ ನಡೆದಿದ್ದ ಅಮೃತಸರದ ಜಾಗವನ್ನು ಇಂಗ್ಲಿಷಿನಲ್ಲಿ ಬರೀ ‘ಜಲಿಯನ್‌ವಾಲಾ ಬಾಗ್’ ಎಂದರೆ ಸಾಕು. ವಿದುರಾಶ್ವತ್ಥವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎನ್ನುವಾಗ ಮಾತ್ರ ‘ದ ಜಲಿಯನ್‌ವಾಲಾ ಬಾಗ್ ಆಫ್ ಕರ್ನಾಟಕ’ ಆಗುತ್ತದೆ.

ಒಬ್ಬರಿಗೇ ಮೀಸಲಾದ ಹುದ್ದೆಯನ್ನು ಹೇಳುವಾಗ ಆರ್ಟಿಕಲ್ ಬಿಡಬಹುದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕಸುಬಿನಲ್ಲಿ ‘ಆ್ಯನ್ ಎಂಜಿನಿಯರ್’, 1912ರಲ್ಲಿ ಆದದ್ದು ‘ದಿವಾನ್ ಆಫ್ ಮೈಸೂರ್’. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1972ರಿಂದ 1977ರವರೆಗೆ ‘ವೈಸ್ ಚಾನ್ಸಲರ್ ಆಫ್ ಬೆಂಗಳೂರ್ ಯೂನಿವರ್ಸಿಟಿ’. ಅವರನ್ನೇ ಮಾಜಿ ಕುಲಪತಿ ಎನ್ನಬೇಕಾದರೆ ‘ಎ ಫಾರ್ಮರ್ ವೈಸ್ ಚಾನ್ಸಲರ್’: ಹುದ್ದೆಯಲ್ಲಿರುವವರು ಒಬ್ಬರೇ, ಮಾಜಿಗಳು ಹಲವರು.