ಶರ್ಯತ್ತಿನ ಫೋಟೋದಲ್ಲಿ ಯಾರೂ ಓಡುತ್ತಿಲ್ಲ

ಕುಡಚಿ, ರಾಯಬಾಗ, ಅಥಣಿ ಕಡೆ ಓಟದ ಪಂದ್ಯಕ್ಕೆ ‘ಶರ್ಯತ್ತು’ ಅಂತಾರೆ. ಎತ್ತಿನ ಗಾಡಿ ಓಡಿದರೂ ಶರ್ಯತ್ತು, ಕುದುರೆ ಓಡಿದರೂ ಶರ್ಯತ್ತು, ಹುಡುಗರು ಬರಿಗಾಲಲ್ಲಿ ಓಡಿದರೂ ಶರ್ಯತ್ತೇ. ಜಾತ್ರೆಯ ಮರುದಿನ ಇದರ ಫೋಟೋಗಳು ವಾಟ್ಸಾಪ್, ಇನ್‌ಸ್ಟಾ ತುಂಬಾ ಓಡಾಡುತ್ತವೆ. ಈಗ ಊರಲ್ಲೂ ಒಳ್ಳೊಳ್ಳೆ ಕ್ಯಾಮೆರಾಗಳಿವೆ. ಫೋಟೋ ಚೂಪಾಗಿರುತ್ತೆ, ಬಣ್ಣ ಮಿಂಚುತ್ತಿರುತ್ತೆ. ನನ್ನ ತಕರಾರು ಒಂದೇ: ಅವುಗಳಲ್ಲಿ ಯಾರೂ ಓಡುತ್ತಿಲ್ಲ. ನೆಲದಿಂದ ಒಂದಡಿ ಮೇಲೆ ತೂಗುಹಾಕಿದಂತೆ ನಿಂತಿದ್ದಾರೆ. ಹಿಂದೆ ಊರಿಲ್ಲ, ಬರೀ ಹಸಿರು ಮಸುಕು.

ಇದಕ್ಕೆ ಕಾರಣ ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ಸೂತ್ರ. ಓಟ ಅಂದರೆ ಶಟರ್ 1/1000 ಅಥವಾ ಇನ್ನೂ ವೇಗ, ಲೆನ್ಸ್ ಪೂರ್ತಿ ತೆರೆದು ಎಫ್ 2.8, ಗುಂಡಿ ಒತ್ತಿ ಹಿಡಿದು ಒಂದರ ಹಿಂದೊಂದು ಫ್ರೇಮು. ಈ ಸೂತ್ರ ಯಾರದ್ದು ಅಂತ ಸ್ವಲ್ಪ ಯೋಚಿಸಿ. 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವರ್ಲ್ಡ್ 10ಕೆಯಂಥ ದೊಡ್ಡ ಓಟಗಳಿಗೆ ಅದು ಸರಿ. ಅಲ್ಲಿ ಎದೆ ಮೇಲಿನ ನಂಬರ್ ಓದಲು ಬರಬೇಕು, ಸಾವಿರಾರು ಜನರಲ್ಲಿ ಪ್ರತಿಯೊಬ್ಬರ ಮುಖ ಗುರುತು ಸಿಗಬೇಕು. ಟ್ರ್ಯಾಕ್‌ನಲ್ಲಿ ನೂರು ಮೀಟರ್ ಓಡುವವರ ವೇಗ ಸೆಕೆಂಡಿಗೆ ಹತ್ತು ಮೀಟರ್ ಹತ್ತಿರ. 1/1000ರಲ್ಲಿ ಆ ದೇಹ ಚಲಿಸೋದು ಒಂದೇ ಸೆಂಟಿಮೀಟರ್. ಸ್ಟುಡಿಯೋದಲ್ಲಿ ಕೂತಷ್ಟೇ ಸ್ತಬ್ಧ. ಪುರಾವೆಯಾಗಿ ಅದು ಸಾಕು.

ಆದರೆ ಕೃಷ್ಣಾ ದಂಡೆಯ ಹುಡುಗನ ಓಟ ಬೇರೆ. ಈ ಭಾಗದಲ್ಲಿ ಓಡುವವರಲ್ಲಿ ಎಷ್ಟೋ ಮಂದಿ ಸೇನೆ ಇಲ್ಲವೇ ಪೊಲೀಸ್ ಭರ್ತಿಗೆ ತಯಾರಿ ನಡೆಸುವವರು. ಸೇನಾ ಭರ್ತಿಯ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸುವವನ ವೇಗ ಸೆಕೆಂಡಿಗೆ ಸುಮಾರು ಐದು ಮೀಟರ್. 1/1000ರಲ್ಲಿ ಅವನು ಸರಿಯೋದು ಅರ್ಧ ಸೆಂಟಿಮೀಟರ್, 1/30ರಲ್ಲಿ ಹದಿನಾರು. ಆ ಹದಿನಾರು ಸೆಂಟಿಮೀಟರಿನಲ್ಲೇ ಓಟ ಇದೆ. ಕ್ಯಾಮೆರಾ ಅಲುಗಾಡಿಸದೆ 1/30ರಲ್ಲಿ ತೆಗೆದು ನೋಡಿ: ಮೈ, ಕೈ, ಹಾರುತ್ತಿರುವ ಕಾಲು ಎಲ್ಲ ಕದಡಿರುತ್ತೆ. ಅದೃಷ್ಟವಿದ್ದರೆ ಎರಿ ಮಣ್ಣಿಗೆ ಊರಿದ ಪಾದವೊಂದೇ ಚೂಪಾಗಿರುತ್ತೆ, ಯಾಕಂದರೆ ಆ ಕ್ಷಣಕ್ಕೆ ನಿಂತಿರೋದು ಅದೊಂದೇ. ಕ್ಯಾಮೆರಾವನ್ನು ಅವನ ಜೊತೆಗೇ ತಿರುಗಿಸಿದರೆ, ಅಂದರೆ ಪ್ಯಾನ್ ಮಾಡಿದರೆ, ಮುಖ ನಿಲ್ಲುತ್ತೆ, ಕಾಲು ಕದಡುತ್ತೆ, ಹಿಂದಿನ ಕಬ್ಬು ಗೆರೆಗೆರೆಯಾಗುತ್ತೆ. ಎರಡೂ ಒಂದೇ ಓಟ, ಆದರೆ ಎರಡು ಬೇರೆ ಮಾತು. ಶಟರ್ ಸ್ಪೀಡ್ ಆರಿಸೋದು ಅಂದರೆ ಅಭಿಪ್ರಾಯ ಹೇಳೋದು.

ಅಪರ್ಚರ್ ಕೂಡ ಹಾಗೇ. 2020ರ ಫೆಬ್ರುವರಿ ನೆನಪಿದೆಯಾ? ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಅಂದರು, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು, ದೇಶವೆಲ್ಲಾ ಗುಲ್ಲೆದ್ದಿತು. ಆ ಲೆಕ್ಕದಲ್ಲಿ ಕೋಣಗಳೇ ಮಾಯ. ಎರಡೂ ಬೇರೆ ಬೇರೆ ಆಟ, ಕೋಣಗಳಿಗೂ ಶ್ರೇಯ ಸಲ್ಲಬೇಕು ಅಂತ ಕೊನೆಗೆ ಗೌಡರೇ ಹೇಳಬೇಕಾಯಿತು. ಎಫ್ 2.8ರ ಫೋಟೋ ಮಾಡೋದೂ ಇದನ್ನೇ: ಓಡುವವನನ್ನು ಉಳಿಸಿಕೊಂಡು ಅವನನ್ನು ಓಡಿಸುತ್ತಿರುವುದನ್ನೆಲ್ಲ ಕರಗಿಸಿಬಿಡುತ್ತೆ. ಎಫ್ 8ಕ್ಕೆ ಬನ್ನಿ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ಕೂಗುವ ಗೆಳೆಯರು, ಹಲಗಿ ಬಡಿಯುವವರು, ಹಗ್ಗ ಹಿಡಿದ ಹಿರಿಯರು ಫೋಟೋದೊಳಗೆ ಬರುತ್ತಾರೆ. ಇದು ಕುಡಚಿ ಸೀಮೆ ಅಂತ ಗೊತ್ತಾಗೋದು ಅವರಿಂದ. ಅವರನ್ನು ಅಳಿಸಿದರೆ ಈ ಫೋಟೋ ಎಲ್ಲಿಯದ್ದಾದರೂ ಆಗಬಹುದು.

ಗಾಡಿ ಶರ್ಯತ್ತನ್ನು ಮೊಬೈಲಿನಲ್ಲಿ ತೆಗೆಯುವವರಿಗೆ ಇನ್ನೊಂದು ಮಾತು. ಚಕ್ರ ಓರೆಯಾಗಿ ಮೊಟ್ಟೆಯ ಆಕಾರಕ್ಕೆ ಬಂದಿದೆ ಅಂತ ಅಳಿಸಿಬಿಡಬೇಡಿ. ಮೊಬೈಲಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತೆ. ಓದಿ ಮುಗಿಸುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತೆ. ಶಟರ್ ಎಷ್ಟು ವೇಗ ಇಟ್ಟರೂ ಈ ಓರೆ ಹೋಗಲ್ಲ. ಫ್ರೆಂಚ್ ಛಾಯಾಗ್ರಾಹಕ ಲಾರ್ಟಿಗ್ ನೂರು ವರ್ಷಗಳಿಗೂ ಹಿಂದೆ ತೆಗೆದ ರೇಸ್ ಕಾರಿನ ಚಿತ್ರದಲ್ಲೂ ಹೀಗೇ ಆಗಿತ್ತು. ಚಕ್ರ ಮುಂದಕ್ಕೆ ವಾಲಿದೆ, ಕಾರಿನ ಜೊತೆ ಕ್ಯಾಮೆರಾ ತಿರುಗಿಸಿದ್ದರಿಂದ ನೋಡುವ ಜನ ಹಿಂದಕ್ಕೆ ವಾಲಿದ್ದಾರೆ. ಕ್ಯಾಮೆರಾದ ಸೀಳು ಪ್ಲೇಟಿನ ಮೇಲೆ ಸರಿಯುವಾಗ ಆದ ಎಡವಟ್ಟು ಅದು. ಇವತ್ತು ವೇಗ ಅಂದರೆ ಜಗತ್ತು ನೆನೆಯುವ ಚಿತ್ರಗಳಲ್ಲಿ ಅದೂ ಒಂದು.

ನಿಜವಾಗಿ ಸಿಟ್ಟು ಬರುವ ವಿಷಯ ಇದ್ಯಾವುದೂ ಅಲ್ಲ, ಮುಖಗಳು ಕಪ್ಪಾಗಿ ಬರೋದು. ಬಿಳಿ ಖಿಲಾರಿ ಎತ್ತು, ಬಿಳಿ ಧೋತರ, ಗಾಂಧಿ ಟೋಪಿ ಫ್ರೇಮಿನ ತುಂಬಾ ಇದ್ದರೆ ಕ್ಯಾಮೆರಾದ ಮೀಟರ್ ಬೆಳಕು ಜಾಸ್ತಿ ಆಯ್ತು ಅಂದುಕೊಂಡು ಎಲ್ಲವನ್ನೂ ಬೂದಿ ಬಣ್ಣಕ್ಕೆ ಇಳಿಸುತ್ತೆ. ಬಿಸಿಲಲ್ಲಿ ದುಡಿದ ಹುಡುಗನ ಮುಖ ಆಗ ಬರೀ ನೆರಳು. ಎತ್ತು ಚೆಂದ, ಮನುಷ್ಯ ಇಲ್ಲ. ಎಕ್ಸ್‌ಪೋಷರ್ ಮುಕ್ಕಾಲು ಅಥವಾ ಒಂದು ಸ್ಟಾಪ್ ಏರಿಸಿ, ಮುಖ ನೋಡಿ ಅಳೆಯಿರಿ. ಟೋಪಿಯ ಬಿಳಿ ಸ್ವಲ್ಪ ಸುಟ್ಟರೆ ಸುಡಲಿ. ನಸುಕಿನ ಓಟವಾದರೆ ಐಎಸ್‌ಓ 6400ಕ್ಕೂ ಹೆದರಬೇಡಿ. ಕಾಳುಕಾಳಾದ ಫೋಟೋದಲ್ಲಿ ಮನುಷ್ಯ ಕಾಣುತ್ತಾನೆ, ಕತ್ತಲಾದ ಫೋಟೋದಲ್ಲಿ ಕಾಣಲ್ಲ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಗೆದ್ದವನಿಗೆ ಢಾಲು, ಫ್ಲೆಕ್ಸು ಸಿಗುತ್ತೆ. ಏಳನೆಯವನಾಗಿ, ಹನ್ನೊಂದನೆಯವನಾಗಿ ಬಂದವನಿಗೆ ತಾನು ಓಡಿದ್ದಕ್ಕೆ ಉಳಿಯುವ ಸಾಕ್ಷಿ ಒಂದು ಫೋಟೋ ಮಾತ್ರ. ಮೊದಲ ಹತ್ತು ಫ್ರೇಮು 1/1000ರಲ್ಲಿ ತೆಗೆಯಿರಿ, ಕಮಿಟಿಯವರಿಗೆ ಅದು ಬೇಕು. ಆಮೇಲೆ 1/30ಕ್ಕೆ ಇಳಿಸಿ, ಎಫ್ 8ಕ್ಕೆ ಬನ್ನಿ, ಬಿಸಿಲು ಜೋರಿದ್ದರೆ ಎನ್‌ಡಿ ಫಿಲ್ಟರ್ ಹಾಕಿ. ಜನ ಚದುರಲು ಶುರುವಾದ ಮೇಲೂ ಕ್ಯಾಮೆರಾ ಕೆಳಗಿಳಿಸಬೇಡಿ. ಕೊನೆಯವನು ಇನ್ನೂ ಓಡಿ ಬರುತ್ತಿರುತ್ತಾನೆ.