ಗಾಳಕ್ಕಿಂತ ಮೊದಲು ದಡ

ಗಾಳದ ಹುಚ್ಚಿನವರು ನಾಲ್ಕು ಜನ ಸೇರಿದರೆ ಮಾತು ಮೀನಿನ ತೂಕಕ್ಕೇ ಬಂದು ನಿಲ್ಲುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ ಮಹಶೀರ್ ಎಳೆದು ಹಾಕಿದ್ದನ್ನು ಇವತ್ತಿಗೂ ಕಣ್ಣರಳಿಸಿ ಹೇಳುತ್ತೇವೆ. ಆ ಮೀನನ್ನು ಅಷ್ಟು ಬೆಳೆಸಿದ ಹೊಳೆಯ ದಡ ಯಾರ ಹೆಸರಿನಲ್ಲಿತ್ತು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಹಾಗಾಗಿ ಈ ವಾರ ಬೆಂಡು, ಎರೆಹುಳುವಿನ ಸುದ್ದಿ ಬೇಡ. ಪಹಣಿ ಬಿಚ್ಚೋಣ.

ಅಮೆರಿಕದ ಟ್ರೌಟ್ ಗಾಳಗಾರರು ಈ ಪ್ರಶ್ನೆ ಕೇಳಿಕೊಂಡು ಐವತ್ತು ವರ್ಷವಾಯಿತು. ಮೊಂಟಾನಾ ರಾಜ್ಯದ ಬ್ಲ್ಯಾಕ್‌ಫುಟ್ ನದಿಯ ದಂಡೆಯಲ್ಲಿ 1976ರಿಂದ ಒಂದು ಏರ್ಪಾಡು ನಡೆದುಬಂದಿದೆ. ರೈತ ಜಮೀನು ಮಾರುವುದಿಲ್ಲ. ಹೊಳೆಯಂಚನ್ನು ಒಡೆದು ಸೈಟು ಮಾಡುವ, ಕಟ್ಟಡ ಎಬ್ಬಿಸುವ ಹಕ್ಕನ್ನಷ್ಟೇ ಒಂದು ಟ್ರಸ್ಟಿಗೆ ಬರೆದುಕೊಡುತ್ತಾನೆ. ದನ ಮೇಯಿಸಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಮಾರಲೂಬಹುದು. ಆದರೆ ಕೊಂಡವನ ಬೆನ್ನಿಗೂ ಆ ಕರಾರು ಅಂಟಿಕೊಂಡೇ ಬರುತ್ತದೆ. ಅಷ್ಟು ಸಾಲದ ಕಡೆ ಚಂದಾ ಎತ್ತಿ ದಡವನ್ನೇ ಕೊಳ್ಳುತ್ತಾರೆ.

ನಮ್ಮ ಹೊಳೆಗಳಲ್ಲಿ ಹುಟ್ಟಿದ ಟ್ರೌಟ್ ಇಲ್ಲ. ನೀಲಗಿರಿಯಲ್ಲಿ ಇರುವುದು ಬ್ರಿಟಿಷರು ತಂದು ಬಿಟ್ಟ ತಳಿ. ತುಂಗಭದ್ರೆಯ ಮಕ್ಕಳೆಂದರೆ ಬಂಡೆಯ ಪಾಚಿ ಕೆರೆದು ತಿನ್ನುವ ಕೆಮ್ಮೀನು, ದಡದ ಪೊಟರೆಯಲ್ಲಿ ಅಡಗಿ ಕೂರುವ ಬಾಳೆಮೀನು ಮುಂತಾದವು. ಅವು ಎಲ್ಲಿ ಸುಖವಾಗಿವೆ ಎಂದು ತಿಳಿಯಲು ಗಾಳ ಬಿಡಬೇಕಾಗಿಲ್ಲ, ನೀರುನಾಯಿಯ ಜಾಡು ಹಿಡಿದರೆ ಸಾಕು. ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಗೆಂದೇ ಇಂಥ ಮೀಸಲು ದೇಶದಲ್ಲಿ ಇದೇ ಮೊದಲು. ಅಲ್ಲಿ ನಾವು ಗಾಳ ಹಾಕುವುದಿಲ್ಲ, ನೋಡಲು ಹೋಗುತ್ತೇವೆ.

ನೋಡುವುದೂ ಒಂದು ವಿದ್ಯೆಯೇ. ಹಂಪಿಯ ಕೆಳಹೊಳೆಯಲ್ಲಿ ಬೇಸಿಗೆಗೆ ನೀರು ಇಳಿದು ಮಡುಗಳು ಬಿಡಿಬಿಡಿಯಾದಾಗ ಹೋಗಿ. ನೀರಿನಂಚಿನ ಚಪ್ಪಟೆ ಬಂಡೆಯ ಮೇಲೆ ಹಿಕ್ಕೆ ಬಿದ್ದಿರುತ್ತದೆ. ಹುಲ್ಲುಕಡ್ಡಿಯಿಂದ ಕೆದಕಿದರೆ ಒಳಗೆ ಬರೀ ಹುರುಪೆ, ಮುಳ್ಳು, ಏಡಿಯ ಚಿಪ್ಪಿನ ಚೂರು. ಒಂದು ಗುಂಪು ಅದೇ ಬಂಡೆಗೇ ಮತ್ತೆ ಮತ್ತೆ ಬರುತ್ತದೆ. ಪಕ್ಕದ ಮರಳಿನಲ್ಲಿ ಹೊರಳಾಡಿ ಮೈ ಒರೆಸಿಕೊಂಡ ಗುರುತು, ಬೆರಳುಗಳ ನಡುವೆ ಪೊರೆಯಿರುವ ಪಾದದ ಅಚ್ಚು. ಅಲ್ಲಿಂದ ಹತ್ತು ಮಾರು ಮೇಲೆ ಜೊಂಡಿನ ಹಿಂದೆ, ಬಂಡೆಗಳ ಸಂದಿಯಲ್ಲಿ ಮರಿ ಹಾಕುವ ಬಿಲ. ಮೀನು ನೀರಿನಲ್ಲಿದೆ, ನೀರುನಾಯಿಯ ಸಂಸಾರ ದಡದಲ್ಲಿದೆ. ಮೀನಿನ ಮರಿಗಳೂ ಆ ಜೊಂಡಿನ ಬುಡದಲ್ಲೇ ಬೆಳೆಯುತ್ತವೆ.

ತೊಡಕು ಇರುವುದೂ ಅಲ್ಲೇ. ವನ್ಯಜೀವಿ ಕಾಯ್ದೆಯ 36ಎ ಕಲಮಿನಡಿ ಮೀಸಲು ಮಾಡಬಹುದಾದದ್ದು ಸರ್ಕಾರಿ ಜಾಗವನ್ನು ಮಾತ್ರ. ಹೊಳೆ, ನಡುಗಡ್ಡೆ, ಬಂಡೆ ಒಳಗೆ ಬಂದವು. ಮೇಲಿನ ಪಟ್ಟಾ ಜಮೀನು ಹೊರಗೆ ಉಳಿಯಿತು. ಬಾಳೆತೋಟವೋ ಭತ್ತದ ಗದ್ದೆಯೋ ನೀರಿನಂಚಿಗೆ ಬಂದು ಜೊಂಡು ಸುಟ್ಟರೆ, ಜೆಸಿಬಿ ಬಂದು ಬಂಡೆ ಉರುಳಿಸಿದರೆ, ಮೀಸಲಿನ ನಕ್ಷೆ ನಕ್ಷೆಯಾಗಿಯೇ ಇರುತ್ತದೆ, ಬಿಲ ಇರುವುದಿಲ್ಲ.

ಹಾಗಾದರೆ ಮೊಂಟಾನಾದವರಂತೆ ಹಕ್ಕನ್ನು ಬಿಡಿಯಾಗಿ ಕೊಳ್ಳಬಹುದೇ? ಯೋಚನೆ ನಮಗೆ ಹೊಸದಲ್ಲ. ವಿಜಯನಗರದ ದಾನಶಾಸನಗಳು ಭೂಮಿಯ ಜತೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನು ಒಂದೊಂದಾಗಿ ಎಣಿಸುತ್ತವೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತ ಪತ್ರ ಬರಹಗಾರರು ಕ್ರಯಪತ್ರದಲ್ಲಿ ಈಗಲೂ ಅದೇ ಪಾಠ ಒಪ್ಪಿಸುತ್ತಾರೆ. ಎಂಟು ಎಂದು ಎಣಿಸಿದ ಮೇಲೆ ಜಲವನ್ನೂ ಪಾಷಾಣವನ್ನೂ ಮಾತ್ರ ನೀರುನಾಯಿಗೆ ಕೊಂಡು ಉಳಿದದ್ದನ್ನು ರೈತನಿಗೇ ಬಿಟ್ಟರೇನು? ಅಡ್ಡ ಬರುವುದು 1882ರ ಈಸ್ಮೆಂಟ್ ಕಾಯ್ದೆ. ಬಂಡಿ ದಾರಿ, ನೀರು ಹಾಯಿಸುವ ಹಕ್ಕು ಇವೆಲ್ಲ ಅದರಲ್ಲಿ ಒಂದು ಜಮೀನಿಗೆ ಇನ್ನೊಂದು ಜಮೀನಿನ ಮೇಲೆ ಇರುವ ಹಕ್ಕು. ಒಂದು ಗುಂಟೆಯೂ ಇಲ್ಲದ ಸಂಘಕ್ಕೆ ಅದು ದಕ್ಕದು. ಸಂಘವೇ ದಡದಲ್ಲಿ ಹತ್ತು ಗುಂಟೆ ಕೊಂಡು, ಅದರ ಬಲದ ಮೇಲೆ ನೆರೆಯವರಿಂದ ಹಕ್ಕು ಬರೆಸಿಕೊಳ್ಳಬಹುದು ಎಂಬುದು ನನ್ನ ತರ್ಕ. ವಕೀಲ ಮಿತ್ರರು ನಗಬಹುದು, ನಗಲಿ. ಕೃಷಿಕರಲ್ಲದವರು ಹೊಲ ಕೊಳ್ಳುವಂತಿಲ್ಲ ಎಂಬ ಹಳೆಯ ಕಟ್ಟು 2020ರಲ್ಲಿ ಸಡಿಲವಾದಾಗ ಎಲ್ಲರೂ ರೆಸಾರ್ಟಿನ ಲೆಕ್ಕ ಹಾಕಿದರು, ದಡದ ಲೆಕ್ಕ ಯಾರೂ ಹಾಕಲಿಲ್ಲ.

ಕೊಂಡು ಉಳಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕೊಡಗಿನ ಬ್ರಹ್ಮಗಿರಿಯ ತಪ್ಪಲಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆಯಿಂದ ಆರಂಭಿಸಿ, ಪಾಳುಬಿದ್ದ ಎಸ್ಟೇಟುಗಳನ್ನು ತುಂಡು ತುಂಡಾಗಿ ಕೊಂಡು ಸುಮಾರು 300 ಎಕರೆ ಕಾಡು ಎಬ್ಬಿಸಿದರು. ನನಗೆ ಹಿಡಿಸಿದ್ದು ಎಕರೆಯ ಲೆಕ್ಕವಲ್ಲ, ಅವರು ಹೊಳೆಯ ಆಚೆ ದಡವನ್ನೂ ಕೊಂಡದ್ದು. ಒಂದೇ ದಡ ನಿಮ್ಮದಾದರೆ ಹೊಳೆ ನಿಮ್ಮದಲ್ಲ. ಆಚೆ ಕಡೆಯಿಂದ ತೋಟೆ ಎಸೆಯುವವನನ್ನು ಈಚೆ ನಿಂತು ಬೈಯಬಹುದು ಅಷ್ಟೇ. ನಮ್ಮಲ್ಲಂತೂ ಈಚೆ ದಡ ವಿಜಯನಗರ, ಬಳ್ಳಾರಿ ಜಿಲ್ಲೆ, ಆಚೆ ದಡ ಕೊಪ್ಪಳ.

ಹಕ್ಕಿಗೆ ಬೆಲೆ ಕಟ್ಟಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಹಂಪಿ ಬಳಿಯ ವಿರುಪಾಪುರಗಡ್ಡೆ. ಅಲ್ಲಿನ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಕೆಡವಿದರು. ಹಂಪಿ ಪರಂಪರೆ ಪ್ರದೇಶದ ಕಾನೂನು ಮುರಿದಿದ್ದವು, ಕೆಡವಿದ್ದು ಸರಿಯೇ. ಆದರೆ ಅಂದಿನಿಂದ ಹೊಳೆಯಂಚಿನ ರೈತನಿಗೆ ಸಂರಕ್ಷಣೆ ಎಂದ ಕೂಡಲೇ ಕಣ್ಣಿಗೆ ಬರುವುದು ಬುಲ್ಡೋಜರ್. 36ಸಿ ಕಲಮಿನಲ್ಲಿ ರೈತ ತಾನಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಸಮುದಾಯ ಮೀಸಲು ಮಾಡಬಹುದು. ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಆದದ್ದು ಆ ದಾರಿಯಲ್ಲೇ. ಮಾಡಿದ ಮೇಲೆ ಜಮೀನಿನ ಬಳಕೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಬದಲಿಗೆ ರೈತನಿಗೆ ಸಿಗುವುದೇನು ಎಂಬ ಮಾತು ಅಲ್ಲಿಲ್ಲ. ಬರೀ ಪುಣ್ಯಕ್ಕೆ ಯಾರು ಸಹಿ ಹಾಕುತ್ತಾರೆ?

ದಡ ಕೊಂಡರೆ ಎಲ್ಲ ಮುಗಿಯುತ್ತದೆ ಎಂದೇನಲ್ಲ. ಬೇಸಿಗೆಯ ಮಡುವಿಗೆ ನೀರು ಬಿಡುವ ಕೀಲಿ ಜಲಾಶಯದವರ ಕೈಯಲ್ಲಿದೆ. 133 ಟಿಎಂಸಿಗೆಂದು ಕಟ್ಟಿದ ಅದರಲ್ಲಿ ಹೂಳು ತುಂಬಿ ಈಗ 105 ಟಿಎಂಸಿಯಷ್ಟೇ ಹಿಡಿಯುತ್ತದೆ. ಬಲೆಯವರ ತಕರಾರು ಬೇರೆ. ‘ನೀರುನಾಯಿ ಬಲೆ ಹರಿದ್ರೆ ದುಡ್ಡು ಯಾರ್ ಕೊಡ್ತಾರೆ ಸಾರ್?’ ಎಂದು ತೆಪ್ಪದವನೊಬ್ಬ ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಜೊಂಡು ಬಿಟ್ಟ ರೈತನಿಗೆ ವರ್ಷಕ್ಕಿಷ್ಟು ಎಂದು ಕೊಡುವುದಾದರೆ ಬಲೆಯ ದುಡ್ಡೂ ಅದೇ ಲೆಕ್ಕದಲ್ಲಿ ಸೇರಬೇಕು.

ದುಡ್ಡಿಗೆ ಬರವಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ನಂತರದ ವ್ಯಾಜ್ಯದಲ್ಲಿ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಗಣಿ ಪರಿಸರ ಪುನಶ್ಚೇತನ ನಿಗಮದ ಕೈಯಲ್ಲಿದೆ. ರಸ್ತೆಗೆ, ಕಟ್ಟಡಕ್ಕೆ ಬೇಡಿಕೆಯ ಪಟ್ಟಿ ಉದ್ದವಿದೆ. ಹಳ್ಳದ ದಡಕ್ಕೆಂದು ಒಂದು ಸಾಲು ಸೇರಿಸಲು ಅಡ್ಡಿಯೇನು? ಶುರು ಮಾಡುವುದಾದರೆ ಹಂಪಿಯಲ್ಲಲ್ಲ, ಸಂಡೂರಿನಲ್ಲಿ: ಅದಿರಿನ ಕೆಂಪು ನೀರು ಕುಡಿದೂ ಗಂಡಿಗಳಲ್ಲಿ ಗುಡ್ಡ ಸೀಳಿಕೊಂಡು ದರೋಜಿ ಕೆರೆಯತ್ತ ಸಾಗುವ ನಾರಿಹಳ್ಳದಿಂದ. ಕೊಳ್ಳುವುದಕ್ಕೂ ಮುಂಚೆ ಒಂದು ಕೆಲಸವಿದೆ. ಪಹಣಿಯ ಖರಾಬು ಕಾಲಂ ನೋಡಿ. ‘ಬ’ ಖರಾಬು ಎಂದು ಬರೆದಿರುವ ಹಳ್ಳದ ಜಾಗ ಈಗಾಗಲೇ ಸಾರ್ವಜನಿಕರದ್ದು, ಅದಕ್ಕೆ ಬಿಡಿಗಾಸೂ ಕೊಡಬೇಕಿಲ್ಲ. ಎಷ್ಟು ಸರ್ವೆ ನಂಬರುಗಳಲ್ಲಿ ಅದರ ಮೇಲೆ ಉಳುಮೆಯಾಗಿದೆ, ಎಷ್ಟರಲ್ಲಿ ಲಾರಿ ನಿಲ್ಲುತ್ತಿದೆ ಎಂದು ಮೊದಲು ಅಳೆಯಿಸಬೇಕು.