ಮೂಲಿಕಾಕೋಶಗಳಲ್ಲಿ ಕನ್ನಡದ ಹೆಸರುಗಳು

ಭಾರತೀಯ ಔಷಧದ್ರವ್ಯಗಳನ್ನು ಕುರಿತ ಗ್ರಂಥಗಳಲ್ಲಿ ಕೆ. ಎಂ. ನಾಡಕರ್ಣಿಯವರ 'ಇಂಡಿಯನ್ ಮೆಟೀರಿಯಾ ಮೆಡಿಕಾ' ಕನ್ನಡಿಗರಿಗೆ ವಿಶೇಷವಾಗಿ ಉಪಕಾರಿಯಾದುದು. 1927ರಲ್ಲಿ ಪ್ರಕಟವಾಗಿ, 1954ರಲ್ಲಿ ಎ. ಕೆ. ನಾಡಕರ್ಣಿಯವರ ಪರಿಷ್ಕರಣದೊಡನೆ ಮುಂಬಯಿಯಿಂದ ಮತ್ತೆ ಹೊರಬಂದ ಈ ಬೃಹದ್ಗ್ರಂಥವು ಪ್ರತಿಯೊಂದು ಸಸ್ಯದ ಶಾಸ್ತ್ರೀಯ ನಾಮದೊಡನೆ ಸಂಸ್ಕೃತ, ಹಿಂದಿ, ಮರಾಠಿ ಮೊದಲಾದ ಹೆಸರುಗಳನ್ನೂ ಅವುಗಳ ಸಾಲಿನಲ್ಲಿಯೇ ಕನ್ನಡದ ಹೆಸರನ್ನೂ ಕೊಡುತ್ತದೆ. ಅಷ್ಟು ಭಾಷೆಗಳನ್ನು ಒಟ್ಟುಗೂಡಿಸಿದ ಶ್ರಮ ಅಸಾಧಾರಣವಾದುದು. ಆದರೆ ಕನ್ನಡವೆಂದು ಕೊಟ್ಟ ಹೆಸರು ಯಾವ ಸೀಮೆಯದೆಂಬುದನ್ನು ಗ್ರಂಥವು ಸಾಮಾನ್ಯವಾಗಿ ತಿಳಿಸುವುದಿಲ್ಲ.

ಈ ಕೊರತೆಯ ಪರಿಣಾಮವು ಮಹಾಪೆಯಂಥ ಊರಿನಲ್ಲಿ ಸ್ಪಷ್ಟವಾಗುತ್ತದೆ. ಠಾಣೆ-ಬೇಲಾಪುರ ಕೈಗಾರಿಕಾ ವಲಯದ ಈ ನೆರೆಯಲ್ಲಿ ಕರಾವಳಿಯವರೂ ವಿಜಯಪುರ, ಕಲಬುರಗಿಗಳ ಕಡೆಯವರೂ ಅಕ್ಕಪಕ್ಕದಲ್ಲಿ ಬಾಳುವರು. ನಾಡನ್ನು ಬಿಟ್ಟು ಬಂದವರೊಡನೆ ಮನೆಮದ್ದಿನ ಹೆಸರು ಬರುತ್ತದೆ, ಬೇಲಿಯ ಗಿಡ ಬರುವುದಿಲ್ಲ. ಹುಟ್ಟೂರಿನಲ್ಲಿ ಹೆಸರು ತಪ್ಪಿದರೂ ಕಣ್ಣು ತಪ್ಪುತ್ತಿರಲಿಲ್ಲ. ಇಲ್ಲಿ ಅಂಗಡಿಯವನ ಮುಂದೆ ಹೆಸರೊಂದೇ ಆಧಾರ.

ಬ್ರಾಹ್ಮಿಯನ್ನೇ ನೋಡಬಹುದು. ಭಾರತ ಸರಕಾರದ ಆಯುರ್ವೇದ ಔಷಧಕೋಶದಲ್ಲಿ ಬ್ರಾಹ್ಮಿಯೆಂದರೆ ಬಾಕೋಪ ಮೊನ್ನಿಯೇರಿ. ಸೆಂಟೆಲ್ಲ ಏಷಿಯಾಟಿಕ ಎಂಬುದು ಮಂಡೂಕಪರ್ಣಿ. ಕನ್ನಡನಾಡಿನ ಅನೇಕ ಕಡೆ ಬ್ರಾಹ್ಮಿಯೆನ್ನಿಸಿಕೊಳ್ಳುವುದು ಈ ಎರಡನೆಯದೇ, ಅರ್ಥಾತ್ ಒಂದೆಲಗ. ತುಳುವರಿಗೆ ಅದು ತಿಮರೆ. ಮಹಾರಾಷ್ಟ್ರದ ಮಾರುಕಟ್ಟೆಯಲ್ಲಿ ಬ್ರಾಹ್ಮಿಯೆಂದು ಕೇಳಿದವರಿಗೂ ಒಂದೆಲಗ ದೊರೆಯುವುದುಂಟು. ಇವೆರಡೂ ಆಹಾರಕ್ಕೊದಗುವ ಸೊಪ್ಪುಗಳಾದುದರಿಂದ ಹಾನಿ ಅಲ್ಪವೆನ್ನಬಹುದು. ಆಡು ಮುಟ್ಟದ ಸಸ್ಯಗಳ ವಿಷಯ ಹಾಗಲ್ಲ. ಆಡುಮುಟ್ಟದ ಗಿಡವೆಂದರೆ ಆಡುಸೋಗೆ, ಮರಾಠಿಯ ಅಡುಳಸಾ; ಆಡುಮುಟ್ಟದ ಬಳ್ಳಿಯೆಂದರೆ ಟೈಲೋಫೋರ ಇಂಡಿಕ. ಕೆಮ್ಮು ದಮ್ಮುಗಳಿಗೆ ಎರಡನ್ನೂ ಬಳಸುವರು. ಆದರೆ ಬಳ್ಳಿಯ ಎಲೆ ವಾಂತಿಕಾರಕ. ಗಿಡ, ಬಳ್ಳಿ ಎಂಬ ಒಂದು ಪದ ಬಿಟ್ಟುಹೋದರೆ ಸಾಕು, ರೋಗಿಯು ಕಷ್ಟಕ್ಕೊಳಗಾಗುವನು.

ಶಾಸ್ತ್ರೀಯ ನಾಮವೊಂದೇ ಸ್ಥಿರ, ದೇಶೀಯ ನಾಮಗಳು ಚಂಚಲ ಎಂಬ ವಾದವೂ ಪೂರ್ತಿ ಸಾಧುವಲ್ಲ. ಲಿನ್ನೇಯಸನು 1753ರಲ್ಲಿ ಜಸ್ಟೀಸಿಯ ಅಧತೋಡ ಎಂದ ಗಿಡವು ಬಹುಕಾಲ ಅಧತೋಡ ವಾಸಿಕ ಎನ್ನಿಸಿಕೊಂಡು, ಈಗ ಮತ್ತೆ ಹಳೆಯ ಹೆಸರಿಗೆ ಮರಳಿದೆ. ಭೇದವಿರುವುದು ಬೇರೆಡೆ. ಆ ಬದಲಾವಣೆಗಳಿಗೆ ಕರ್ತೃ, ವರ್ಷ, ಒಣಗಿಸಿಟ್ಟ ಮಾದರಿಗಳ ಸಾಕ್ಷ್ಯವುಂಟು. ಕನ್ನಡದ ಹೆಸರಿಗೆ ಅಂಥ ಬೆಂಬಲವನ್ನು ಕೋಶಕಾರರು ಒದಗಿಸಿಲ್ಲ.

ಪೆರುವಿನ ಜ್ವರದ ತೊಗಟೆಯ ಕಥೆ ಇದಕ್ಕೆ ದೂರದ ನಿದರ್ಶನ. ಕೆಚುವಾ ಭಾಷೆಯ ಕ್ವಿನ-ಕ್ವಿನ ಎಂಬ ಹೆಸರು ಮೊದಲು ಬಾಲ್ಸಮ್ ಮರವೊಂದಕ್ಕೆ ಸಂದಿದ್ದು, ಸ್ಪ್ಯಾನಿಷರ ವ್ಯಾಪಾರದಲ್ಲಿ ಬೇರೊಂದು ಮರದ ತೊಗಟೆಗೆ ಅಂಟಿಕೊಂಡಿತು. ಆ ಎರಡನೆಯ ಮರಕ್ಕೆ ಲಿನ್ನೇಯಸನು 1742ರಲ್ಲಿ ಚಿಂಚೋನ್‌ನ ಕೌಂಟೆಸಳ ಸ್ಮರಣೆಗಾಗಿ ಸಿಂಕೋನ ಎಂದು ಹೆಸರಿಟ್ಟನು. ಅವಳ ಹೆಸರಿನ ಅಕ್ಷರವನ್ನೂ ತಪ್ಪಿದನು. ಕ್ವಿನೈನ್ ಎಂಬ ಮದ್ದಿನ ಹೆಸರು ಇಂದಿಗೂ ಆ ಬೇರೆ ಮರದ ಹೆಸರನ್ನೇ ಹೊತ್ತಿದೆ. ಕೆಚುವಾ, ಸ್ಪ್ಯಾನಿಷ್, ಶಾಸ್ತ್ರೀಯ ನಾಮಗಳನ್ನು ಮೂರು ಅಂಕಣಗಳಲ್ಲಿ ಸಾಲಾಗಿ ಬರೆದಿಟ್ಟರೆ ಈ ವೃತ್ತಾಂತವೆಲ್ಲ ಮರೆಯಾಗುವುದು.

ಕನ್ನಡದಲ್ಲಿ ಇದಕ್ಕಿಂತ ಉತ್ತಮವಾದ ಮೇಲ್ಪಂಕ್ತಿ ಇಲ್ಲದಿಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲರ ನಿಘಂಟು ಸಸ್ಯವಾಚಕಗಳಿಗೆ ಶಾಸ್ತ್ರೀಯ ನಾಮಗಳನ್ನು ಕೊಡುವುದಲ್ಲದೆ, ಎಷ್ಟೋ ಶಬ್ದಗಳಿಗೆ ಮೈಸೂರು, ದಕ್ಷಿಣ ಮರಾಠಾ ಪ್ರದೇಶ ಎಂದು ಬಳಕೆಯ ಸೀಮೆಯನ್ನೂ ಸೂಚಿಸುತ್ತದೆ. ಅವರು ವೈದ್ಯರಾಗಿರಲಿಲ್ಲ; ಶಬ್ದಕ್ಕೂ ಊರುಂಟೆಂದು ಬಲ್ಲವರಾಗಿದ್ದರು. ಮುಂದಿನ ಮೂಲಿಕಾಕೋಶವು ಕಿಟ್ಟೆಲರ ಸೀಮಾನಿರ್ದೇಶವನ್ನೂ ನಾಡಕರ್ಣಿಯವರ ಬಹುಭಾಷಾಪಟ್ಟಿಯನ್ನೂ ಕೂಡಿಸಿಕೊಂಡು, ಗಿಡದ ಮಾದರಿಯನ್ನೂ ಹೆಸರು ಹೇಳಿದವರ ಊರನ್ನೂ ದಾಖಲಿಸಬೇಕು. ಈ ಕಾರ್ಯವನ್ನು ಧಾರವಾಡ, ಮೈಸೂರುಗಳಿಗಿಂತ ಮಹಾಪೆಯ ನೆರೆಯಲ್ಲಿ ಆರಂಭಿಸುವುದು ಸುಲಭ: ತಿಮರೆಯೆನ್ನುವ ಅಜ್ಜಿಯೂ ಒಂದೆಲಗವೆನ್ನುವ ಅಜ್ಜಿಯೂ ಇಲ್ಲಿ ಒಂದೇ ಸೊಪ್ಪಿನ ಕಟ್ಟಿನ ಎದುರು ನಿಲ್ಲುತ್ತಾರೆ.